ಕಿಹಾಚಿಯ ಕಣಿವೆ

ಜಪಾನ್ ಪ್ರವಾಸದ ಫೋಟೊಗಳಲ್ಲಿ ತಕಚಿಹೊ ಕಣಿವೆಯನ್ನು ನೀವೂ ನೋಡಿರುತ್ತೀರಿ. ಎರಡೂ ಬದಿಯಲ್ಲಿ ಕಪ್ಪು ಬಂಡೆಯ ಗೋಡೆ, ನಡುವೆ ಹಸಿರು ನೀರು, ಪಕ್ಕದಿಂದ ಬೆಳ್ಳಗೆ ಬೀಳುವ ಜಲಪಾತ, ಅದರ ಬುಡದಲ್ಲಿ ಪುಟ್ಟದೊಂದು ದೋಣಿ. ಜಾಗ ನಿಜಕ್ಕೂ ಹಾಗೇ ಇದೆ. ಅದರ ಬಗ್ಗೆ ಖಂಡಿತ ಹೇಳುತ್ತೇನೆ. ಆದರೆ ಊರಿಗೆ ಬಂದ ಮೇಲೂ ನನ್ನನ್ನು ಬಿಡದೆ ಹಿಡಿದುಕೊಂಡಿರುವವನು ಅಲ್ಲಿನ ದಂತಕಥೆಯ ಕಿಹಾಚಿ. ಅವನನ್ನು ಕೊಂದು, ಮೂರು ತುಂಡು ಮಾಡಿ, ಮೂರು ಕಡೆ ಹೂತಿದ್ದಾರೆ. ಆಮೇಲೆ ಪ್ರತಿ ಚಳಿಗಾಲ ಹಾಡು ಹಾಡಿ ಅವನನ್ನು ಮಲಗಿಸುತ್ತಾರೆ. ಈ ಬರಹ ಮುಖ್ಯವಾಗಿ ಅವನ ಬಗ್ಗೆ.

ತಕಚಿಹೊ ಇರುವುದು ಕ್ಯೂಶು ದ್ವೀಪದಲ್ಲಿ, ಮಿಯಾಝಾಕಿ ಪ್ರಾಂತ್ಯದ ಉತ್ತರದ ಬೆಟ್ಟಗಳ ನಡುವೆ. ರೈಲು ಹೋಗುವುದಿಲ್ಲ. ಮೊದಲು ಒಂದು ಮಾರ್ಗ ಇತ್ತು. 2005ರ ಚಂಡಮಾರುತ ಅದರ ಸೇತುವೆಗಳನ್ನು ಕೊಚ್ಚಿಕೊಂಡು ಹೋದ ಮೇಲೆ ರೈಲು ಓಡಲೇ ಇಲ್ಲ. ಈಗ ಹಳೆಯ ಹಳಿಯ ಸ್ವಲ್ಪ ಭಾಗದಲ್ಲಿ ತೆರೆದ ಗಾಡಿಯೊಂದು ಪ್ರವಾಸಿಗರನ್ನು ಕೂರಿಸಿಕೊಂಡು, 105 ಮೀಟರ್ ಎತ್ತರದ ಸೇತುವೆಯವರೆಗೆ ಹೋಗಿ ಬರುತ್ತದೆ. ನನ್ನ ತಂಗಿ ಕೆಲಸದ ಮೇಲೆ ಫುಕುವೋಕಾದಲ್ಲಿದ್ದಾಳೆ. "ಅಣ್ಣಾ, ಬರೋದಾದ್ರೆ ನವೆಂಬರ್ ಕೊನೆಗೆ ಬಾ, ಎಲೆ ಕೆಂಪಾಗಿರುತ್ತೆ, ರಾತ್ರಿ ಕುಣಿತಾನೂ ಶುರುವಾಗಿರುತ್ತೆ" ಅಂದಳು. ಹೋದೆ. ಕುಮಾಮೊಟೊದಿಂದ ಬಸ್ಸು. ದಾರಿಯುದ್ದಕ್ಕೂ ಬೆಟ್ಟ, ಸುರಂಗ, ಮೆಟ್ಟಿಲು ಗದ್ದೆ.

ಆ ಗದ್ದೆಗಳನ್ನು ಸುಮ್ನೆ ನೋಡಿ ಮುಂದೆ ಹೋಗಬಾರದು. ಈ ಬೆಟ್ಟಗಳಲ್ಲಿ ಸಮತಟ್ಟು ನೆಲ ಎಂಬುದೇ ಕಡಿಮೆ. ಬೆಟ್ಟದ ಸೊಂಟದಲ್ಲಿ ಕಾಲುವೆ ಕಡಿದು ದೂರದಿಂದ ನೀರು ತಂದು ಭತ್ತ ಬೆಳೆಯುತ್ತಾರೆ. ಇಡೀ ಪ್ರದೇಶದ ಇಂಥ ಕಾಲುವೆಗಳನ್ನು ಸೇರಿಸಿದರೆ 500 ಕಿ.ಮೀ. ದಾಟುತ್ತದಂತೆ. 2015ರಲ್ಲಿ ಇದಕ್ಕೆ ವಿಶ್ವ ಕೃಷಿ ಪರಂಪರೆಯ ಮಾನ್ಯತೆಯೂ ಸಿಕ್ಕಿದೆ. ಇಷ್ಟು ಕಷ್ಟಪಟ್ಟು ಬೆಳೆಸಿದ ಪೈರಿನ ಮೇಲೆ ಕಟಾವಿಗೆ ಮುಂಚೆ ಮಂಜು, ಅಂದರೆ ಚಳಿಗೆ ಹೆಪ್ಪುಗಟ್ಟುವ ಇಬ್ಬನಿ, ಬಿದ್ದರೆ ಏನು ಗತಿ? ಕಾಳು ಕಟ್ಟುವುದಿಲ್ಲ, ಜೊಳ್ಳು. ಕಿಹಾಚಿಯ ಕಥೆ ಹುಟ್ಟಿದ್ದು ಇದೇ ಹೆದರಿಕೆಯಲ್ಲಿ.

ಕಥೆಗೆ ಮೊದಲು ಕಲ್ಲಿನ ವಿಷಯ. ಇಲ್ಲಿಂದ ವಾಯವ್ಯಕ್ಕೆ, ಹಕ್ಕಿ ಹಾರುವ ದಾರಿಯಲ್ಲಿ ಸುಮಾರು 30 ಕಿ.ಮೀ. ದೂರದಲ್ಲಿ ಆಸೊ ಜ್ವಾಲಾಮುಖಿ ಇದೆ. ಈಗಲೂ ಜೀವಂತ. 2016ರಲ್ಲಿ ಸಿಡಿಯಿತು, 2021ರಲ್ಲಿ ಮತ್ತೆ ಸಿಡಿಯಿತು. ಆದರೆ ಇವೆಲ್ಲ ಸಣ್ಣ ಕೆಮ್ಮು. ಸುಮಾರು 2,70,000 ವರ್ಷಗಳಿಂದ 90,000 ವರ್ಷಗಳ ಹಿಂದಿನವರೆಗೆ ಆಸೊ ನಾಲ್ಕು ಸಲ ಭಯಂಕರವಾಗಿ ಸಿಡಿದಿದೆ. ಕೊನೆಯ ಸಲದ ಬೂದಿ ಜಪಾನಿನ ಉತ್ತರ ತುದಿಯ ಹೊಕ್ಕೈಡೊದಲ್ಲೂ ಸಿಕ್ಕಿದೆ. ಒಳಗಿನದ್ದೆಲ್ಲ ಖಾಲಿಯಾಗಿ ನೆಲವೇ ಕುಸಿದು, ಉತ್ತರ ದಕ್ಷಿಣ 25 ಕಿ.ಮೀ., ಪೂರ್ವ ಪಶ್ಚಿಮ 18 ಕಿ.ಮೀ. ಅಗಲದ ದೊಡ್ಡ ಬಟ್ಟಲು ಉಳಿಯಿತು. ಅದನ್ನೇ ಕಾಲ್ಡೆರಾ ಅನ್ನುತ್ತಾರೆ. ಆ ಬಟ್ಟಲಿನೊಳಗೆ ಇವತ್ತು ಊರುಗಳಿವೆ, ಗದ್ದೆಗಳಿವೆ, ರೈಲೂ ಓಡುತ್ತದೆ.

ತಕಚಿಹೊಗೆ ಬಂದದ್ದು ಹರಿಯುವ ಲಾವಾ ಅಲ್ಲ. ಕಾದ ಬೂದಿ, ಕಲ್ಲು, ಅನಿಲ ಎಲ್ಲ ಕಲಸಿಕೊಂಡು ನೆಲಕ್ಕೆ ಅಂಟಿಕೊಂಡೇ ನುಗ್ಗುವ ಪ್ರವಾಹ. ಸುಮಾರು 1,20,000 ವರ್ಷಗಳ ಹಿಂದೆ ಒಮ್ಮೆ, 90,000 ವರ್ಷಗಳ ಹಿಂದೆ ಇನ್ನೊಮ್ಮೆ ಅದು ಗೊಕಾಸೆ ನದಿಯ ಹಳೆಯ ಕಣಿವೆಯೊಳಗೆ ಇಳಿದು ತುಂಬಿಕೊಂಡಿತು. ಎಷ್ಟು ಕಾದಿತ್ತೆಂದರೆ, ನಿಂತ ಜಾಗದಲ್ಲೇ ತನ್ನ ಭಾರಕ್ಕೆ ತಾನೇ ಬೆಸೆದುಕೊಂಡು ಕಲ್ಲಾಯಿತು. ಆಮೇಲೆ ನಿಧಾನವಾಗಿ ತಣಿದು ಕುಗ್ಗಿತು. ಬೇಸಿಗೆಯಲ್ಲಿ ನೀರು ಇಂಗಿದ ಕೆರೆಯ ಕೆಸರು ಹೇಗೆ ಒಣಗಿ ತುಂಡುತುಂಡಾಗಿ ಬಿರಿಯುತ್ತದೋ ಹಾಗೇ ಇದೂ ಬಿರಿಯಿತು. ಆದರೆ ಇಲ್ಲಿ ಬಿರುಕು ಮೇಲಿನ ಪದರದಲ್ಲಿ ನಿಲ್ಲಲಿಲ್ಲ, ಹತ್ತಾರು ಮೀಟರ್ ಆಳಕ್ಕೆ ಇಳಿಯಿತು. ಹೀಗೆ ಐದು ಮೂಲೆ, ಆರು ಮೂಲೆಯ ಕಂಬಗಳ ಸಾಲು ಹುಟ್ಟಿತು. ತನ್ನ ದಾರಿ ಮುಚ್ಚಿಹೋಗಿದ್ದ ನದಿ ಆ ಕಂಬಗಳ ನಡುವೆಯೇ ಮತ್ತೆ ಕೊರೆದುಕೊಂಡು ಇಳಿದಿದೆ. ಈಗಿನ ಗೋಡೆಗಳ ಎತ್ತರ ಕೆಲವು ಕಡೆ 100 ಮೀಟರ್.

ಕರಾವಳಿಯವನಾದ ನನಗೆ ಈ ಕಂಬಗಳು ಹೊಸವಲ್ಲ. ಮಲ್ಪೆಯಿಂದ ದೋಣಿ ಹತ್ತಿ ಸೇಂಟ್ ಮೇರೀಸ್ ದ್ವೀಪಕ್ಕೆ ಹೋದವರೆಲ್ಲ ಇಂಥ ಕಲ್ಲಿನ ಮೇಲೆ ಕೂತು ಫೋಟೊ ತೆಗೆಸಿಕೊಂಡವರೇ ಅಲ್ವಾ? ಅಲ್ಲಿಯದು ಲಾವಾ ತಣಿದು ಆದ ಕಲ್ಲು, ಇಲ್ಲಿಯದು ಬೂದಿ ಬೆಸೆದು ಆದ ಕಲ್ಲು. ತಣಿಯುವಾಗ ಕುಗ್ಗಿ ಕಂಬವಾಗುವ ರೀತಿ ಮಾತ್ರ ಒಂದೇ. ವಯಸ್ಸಿನಲ್ಲಿ ಭಾರೀ ವ್ಯತ್ಯಾಸ. ಮಲ್ಪೆಯ ಕಂಬಗಳು ಭಾರತ ಮತ್ತು ಮಡಗಾಸ್ಕರ್ ಬೇರೆಯಾದ ಕಾಲದವು, ಸುಮಾರು 8.8 ಕೋಟಿ ವರ್ಷ ಹಳೆಯವು. ಅವುಗಳ ಎದುರು ತಕಚಿಹೊ ಇನ್ನೂ ಎಳೆ ಕೂಸು.

ಕಣಿವೆಗೆ ಇಳಿಯುವ ದಾರಿಯಲ್ಲಿ ಒಂದು ಕಡೆ ನಿಂತು ತಲೆ ಎತ್ತಿದರೆ ಮೂರು ಸೇತುವೆಗಳು ಒಂದರ ಮೇಲೊಂದು ಕಾಣುತ್ತವೆ. ಕೆಳಗಿನದು 1947ರ ಕಲ್ಲಿನ ಕಮಾನು, ನಡುವಿನದು 1955ರ ಉಕ್ಕಿನದು, ಎಲ್ಲಕ್ಕಿಂತ ಮೇಲಿನದು 2003ರ ಕಾಂಕ್ರೀಟ್. ಇನ್ನೂ ಮುಂದೆ ಹೋದರೆ ಮನಾಯಿ ಜಲಪಾತ. ಎತ್ತರ 17 ಮೀಟರ್ ಮಾತ್ರ. ನಮ್ಮ ಜೋಗ ನೋಡಿದವರಿಗೆ ಇದೇನು ದೊಡ್ಡದು ಅನ್ನಿಸಬಹುದು. ಆದರೆ ದೋಣಿಯಲ್ಲಿ ಕೂತು ಹತ್ತಿರ ಹೋದಾಗ ಎತ್ತರದ ಲೆಕ್ಕ ತಲೆಯಲ್ಲಿ ಉಳಿಯುವುದಿಲ್ಲ. ಹುಟ್ಟು ಹಾಕುತ್ತಿದ್ದವಳು ತಂಗಿ. ನಾನು ಕೈ ಚಾಚಿ ಗೋಡೆ ಮುಟ್ಟಿದೆ. ತಣ್ಣಗೆ, ಒರಟಾಗಿ ಇತ್ತು. ಕಂಬದಿಂದ ಕಂಬಕ್ಕೆ ನಡುವೆ ಬೆರಳು ತೂರುವಷ್ಟು ಸಂದಿ. ಆ ಸಂದಿಯಲ್ಲಿ ಪಾಚಿ, ಪಾಚಿಯ ಮೇಲೆ ಸಣ್ಣ ಜರಿಗಿಡ, ಅದರ ತುದಿಯಿಂದ ಒಂದೊಂದೇ ಹನಿ. ನೆಟ್ಟಗೆ ಇಳಿದು ಬಂದ ಕಂಬಗಳು ಒಂದು ಕಡೆ ಇದ್ದಕ್ಕಿದ್ದ ಹಾಗೆ ಬಾಗಿ ಅಡ್ಡಕ್ಕೆ ತಿರುಗಿದ್ದವು. ಕಂಬ ಬೆಳೆಯುವುದು ತಣ್ಣನೆಯ ಮೈಯಿಂದ ಬಿಸಿಯ ಕಡೆಗೆ. ಹಾಗಾಗಿ ಶಾಖ ಯಾವ ಕಡೆಯಿಂದ ಹೊರಹೋಯಿತು ಎಂಬುದು ಆ ಬಾಗುವಿಕೆಯಲ್ಲೇ ಬರೆದಿಟ್ಟಂತಿದೆ.

ಈ ನೀರಿಗೂ ಒಂದು ಕಥೆ ಇದೆ. ಸೂರ್ಯದೇವಿ ಅಮತೆರಾಸುವಿನ ಮೊಮ್ಮಗ ನಿನಿಗಿ ಸ್ವರ್ಗದಿಂದ ಈ ನೆಲಕ್ಕೆ ಇಳಿದಾಗ ಇಲ್ಲಿ ನೀರೇ ಇರಲಿಲ್ಲವಂತೆ. ಆಗ ಇನ್ನೊಬ್ಬ ದೇವರು ಮತ್ತೆ ಮೇಲೆ ಹೋಗಿ ನೀರಿನ ಬೀಜ ತಂದು ಇಲ್ಲಿ ನೆಟ್ಟ. ಆ ಬಾವಿಯ ನೀರೇ ಜಲಪಾತವಾಗಿ ಬೀಳುತ್ತಿದೆ ಎನ್ನುತ್ತಾರೆ. ನೀರಿಗೆ ಬೀಜ! ಕಾಲುವೆ ಕಡಿದು ಬದುಕುವ ಜನರಿಗೆ ಮಾತ್ರ ಹೊಳೆಯುವ ಮಾತು ಇದು.

ಅಮತೆರಾಸುವಿನ ಗುಹೆಯ ಕಥೆ ತುಂಬ ಜನಕ್ಕೆ ಗೊತ್ತಿರುತ್ತದೆ, ಚಿಕ್ಕದಾಗಿ ಹೇಳಿಬಿಡುತ್ತೇನೆ. ತಮ್ಮ ಸುಸನೋವಿನ ಪುಂಡಾಟದಿಂದ ನೊಂದ ಸೂರ್ಯದೇವಿ ಗುಹೆ ಸೇರಿ ಬಂಡೆ ಮುಚ್ಚಿಕೊಂಡಳು. ಲೋಕಕ್ಕೆಲ್ಲ ಕತ್ತಲು. ದೇವರುಗಳೆಲ್ಲ ಹೊಳೆಯ ದಂಡೆಯಲ್ಲಿ ಸಭೆ ಸೇರಿದರು. ಉಜುಮೆ ಎಂಬ ದೇವಿ ತೊಟ್ಟಿ ಕವುಚಿ ಹಾಕಿ ಅದರ ಮೇಲೆ ಕುಣಿದಳು. ಎಲ್ಲರೂ ಬಿದ್ದು ಬಿದ್ದು ನಕ್ಕರು. ಇದೇನು ನಗು ಎಂದು ಅಮತೆರಾಸು ಬಂಡೆ ಸರಿಸಿ ಇಣುಕಿದಳು. ಪಕ್ಕದಲ್ಲೇ ಅಡಗಿದ್ದ ಬಲಶಾಲಿ ತಜಿಕರಾವೊ ಅವಳನ್ನು ಹೊರಗೆ ಎಳೆದ. 712ರಲ್ಲಿ ಬರೆದ 'ಕೊಜಿಕಿ'ಯಲ್ಲಿ ಈ ಕಥೆ ಇದೆ. ತಕಚಿಹೊದವರು ಆ ಗುಹೆಯನ್ನೂ ತೋರಿಸುತ್ತಾರೆ. ಅಲ್ಲಿಯ ಗುಡಿಯೊಂದರ ಹಿಂದಿನಿಂದ, ಹೊಳೆಯ ಆಚೆ ದಡದ ಕಾಡಿನೊಳಗಿರುವ ಅದಕ್ಕೆ ದೂರದಿಂದ ಕೈ ಮುಗಿಯಬಹುದು, ಅಷ್ಟೇ. ಹತ್ತಿರ ಬಿಡುವುದಿಲ್ಲ, ಫೋಟೊ ತೆಗೆಯುವಂತಿಲ್ಲ. ನನಗೆ ಇದು ಬಹಳ ಸರಿ ಅನ್ನಿಸಿತು. ಎಲ್ಲವನ್ನೂ ಹತ್ತಿರದಿಂದಲೇ ನೋಡಬೇಕೆಂದು ಹಟ ಯಾಕೆ?

ಇನ್ನು ಕಿಹಾಚಿ.

ಕಣಿವೆಯ ಕಾಲುದಾರಿಯಲ್ಲಿ ಒಂದು ದೊಡ್ಡ ಗುಂಡು ಕಲ್ಲಿದೆ. ಸುಮಾರು 200 ಟನ್ ತೂಕ ಎಂದು ಹೇಳುತ್ತಾರೆ. ಕಿಹಾಚಿ ತನ್ನ ಬಲ ತೋರಿಸಲು ಎಸೆದ ಕಲ್ಲು ಅದು. ಯಾರ ಮೇಲೆ? ಮಿಕೇಯಿರಿ ಎಂಬವನ ಮೇಲೆ. ಮಿಕೇಯಿರಿ ಎಂದರೆ ಜಪಾನಿನ ಮೊದಲ ಸಾಮ್ರಾಟನೆಂದು ಹೇಳುವ ಜಿಮ್ಮುವಿನ ಅಣ್ಣ. ಕಿಹಾಚಿ ಒಬ್ಬ ಹೆಣ್ಣುಮಗಳನ್ನು ಹೊತ್ತೊಯ್ದು ಗುಹೆಯಲ್ಲಿಟ್ಟು, ಊರಿಗೆಲ್ಲ ಕಾಟ ಕೊಡುತ್ತಿದ್ದನಂತೆ. ಮಿಕೇಯಿರಿ ಅವನನ್ನು ಕೊಂದು, ಆ ಹೆಣ್ಣನ್ನು ಬಿಡಿಸಿ ತಾನೇ ಮದುವೆಯಾದ. ಆ ಗಂಡ ಹೆಂಡತಿ ಮತ್ತು ಅವರ ಮಕ್ಕಳೇ ಇವತ್ತು ತಕಚಿಹೊ ಗುಡಿಯ ದೇವರುಗಳು. ಮುಖ್ಯ ಗುಡಿಯ ಪಕ್ಕದ ಮರದ ಹಲಗೆಯಲ್ಲಿ ಈ ದೃಶ್ಯದ ಕೆತ್ತನೆ ಇದೆ. ಮಿಕೇಯಿರಿ ಕಿಹಾಚಿಯನ್ನು ತುಳಿದು ನಿಂತಿದ್ದಾನೆ.

ಗೆದ್ದವರ ಕಥೆ ಸಾಮಾನ್ಯವಾಗಿ ಇಲ್ಲಿಗೆ ಮುಗಿಯುತ್ತದೆ. ಇಲ್ಲಿ ಮುಗಿಯುವುದಿಲ್ಲ. ಕೊಂದರೂ ಕಿಹಾಚಿ ಮತ್ತೆ ಮತ್ತೆ ಎದ್ದು ಬರುತ್ತಿದ್ದ. ಅದಕ್ಕೇ ಅವನನ್ನು ಕಡಿದು ತಲೆ ಒಂದು ಕಡೆ, ಮುಂಡ ಒಂದು ಕಡೆ, ಕೈಕಾಲು ಇನ್ನೊಂದು ಕಡೆ ಹೂತರು. ಆ ಮೂರೂ ದಿಬ್ಬಗಳು ಈಗಲೂ ಪೇಟೆಯೊಳಗೇ ಇವೆ. ಹೂತ ಮೇಲೂ ಅವನು ನೆಲದೊಳಗೆ ನರಳಿದ. ಅವನು ನರಳಿದಾಗಲೆಲ್ಲ ಹೊತ್ತಲ್ಲದ ಹೊತ್ತಿನಲ್ಲಿ ಮಂಜು ಬಿದ್ದು ಪೈರು ಹಾಳಾಯಿತು. ಅವನನ್ನು ಸಮಾಧಾನ ಮಾಡಲು ಹಿಂದೆ ವರ್ಷಕ್ಕೊಬ್ಬ ಹುಡುಗಿಯನ್ನು ಬಲಿ ಕೊಡುತ್ತಿದ್ದರು ಎಂದು ಕಥೆ ಹೇಳುತ್ತದೆ. ಆಮೇಲೆ ಹುಡುಗಿಯ ಬದಲು ಕಾಡುಹಂದಿ ಬಂತು. ಇವತ್ತಿಗೂ ಹಳೆಯ ಪಂಚಾಂಗದ ಹನ್ನೆರಡನೇ ತಿಂಗಳ ಮೂರನೇ ದಿನ, ಹೆಚ್ಚಾಗಿ ಜನವರಿಯಲ್ಲಿ, ತಕಚಿಹೊ ಗುಡಿಯಲ್ಲಿ ಇನೊಕಾಕೆ ಹಬ್ಬ ನಡೆಯುತ್ತದೆ. ಇಡೀ ಕಾಡುಹಂದಿಯನ್ನು ದೇವರ ಮುಂದೆ ಇಡುತ್ತಾರೆ. ಸಣ್ಣ ಬಿದಿರಿನ ಸೊಪ್ಪು ಹಿಡಿದು ಎಡಕ್ಕೂ ಬಲಕ್ಕೂ ಆಡಿಸುತ್ತ, ಕಿಹಾಚಿಯನ್ನು ಮಲಗಿಸುವ ಹಾಡು ಹಾಡುತ್ತಾರೆ.

ಇದನ್ನು ಕೇಳಿದಾಗ ನನಗೆ ತಕ್ಷಣ ನೆನಪಾದದ್ದು ಕಲ್ಕುಡ. ತುಳುನಾಡಿನವರಿಗೆ ಬಿಡಿಸಿ ಹೇಳಬೇಕಿಲ್ಲ. ಬೇರೆಯವರಿಗಾಗಿ ಎರಡು ಮಾತು. ತುಳುವಿನ ಹಾಡುಗಥೆಯಾದ ಪಾಡ್ದನದ ಪ್ರಕಾರ ಕಾರ್ಕಳದ ಗೊಮ್ಮಟನನ್ನು ಕೆತ್ತಿದ ಶಿಲ್ಪಿ ಕಲ್ಕುಡ. ಇಂಥದ್ದನ್ನು ಬೇರೆಲ್ಲೂ ಮಾಡಬಾರದೆಂದು ಅರಸ ಅವನ ಕೈಕಾಲು ಕಡಿಸಿದ. ಅಣ್ಣನಿಗಾದ ಅನ್ಯಾಯಕ್ಕೆ ತಂಗಿ ಕಲ್ಲುರ್ಟಿ ಸಿಡಿದೆದ್ದಳು. ಇಬ್ಬರೂ ಮಾಯವಾಗಿ ದೈವಗಳಾದರು. ಇವತ್ತು ಅವರಿಗೆ ಕೋಲ, ಅಂದರೆ ಕುಣಿತದ ಆರಾಧನೆ, ನಡೆಯುತ್ತದೆ. ನೋಯಿಸಿದವರ ಊರಿನಲ್ಲೇ ನೊಂದವರಿಗೆ ಪೂಜೆ. ತುಳುನಾಡಿನ ಅವಳಿ ವೀರರಾದ ಕೋಟಿ ಚೆನ್ನಯರ ಕಥೆಯೂ ಯುದ್ಧದಲ್ಲಿ ಸತ್ತು, ಗರಡಿ ಎಂಬ ತಮ್ಮ ಗುಡಿಗಳಲ್ಲಿ ನೆಲೆಯಾದ ಕಥೆಯೇ.

ಕಲ್ಕುಡನಿಗೂ ಕಿಹಾಚಿಗೂ ಒಂದು ದೊಡ್ಡ ವ್ಯತ್ಯಾಸ ಇದೆ, ಅದನ್ನು ಮರೆಯಬಾರದು. ಕಲ್ಕುಡನ ಕಥೆಯನ್ನು ಹಾಡುವವರು ಅವನ ಕಡೆಯವರು. ತಕಚಿಹೊದಲ್ಲಿ ಕಥೆ ಹೇಳುವುದು ಗೆದ್ದವನ ಗುಡಿಯಲ್ಲಿ. ಅಲ್ಲಿ ಕಿಹಾಚಿ ರಾಕ್ಷಸ. ಆದರೆ ಬರೀ ರಾಕ್ಷಸನಾಗಿದ್ದರೆ ಕೊಂದು ಹಬ್ಬ ಮಾಡಿ ಮರೆತುಬಿಡಬಹುದಿತ್ತು. ಇವರು ಅವನಿಗೆ ಜೋಗುಳ ಹಾಡುತ್ತಾರೆ. ಸ್ವರ್ಗದಿಂದ ಇಳಿದು ಬಂದವರ ಕಥೆ ಇರುವಲ್ಲೆಲ್ಲ, ಅದಕ್ಕೂ ಮೊದಲೇ ಆ ನೆಲದಲ್ಲಿದ್ದವರು ಯಾರೋ ಇರಲೇಬೇಕು. ಕಿಹಾಚಿ ಅಂಥವನೇ ಇರಬೇಕು ಎಂಬುದು ನನ್ನ ಊಹೆ. ಅವನ ನೆಲ ಹೋಯಿತು, ಹೆಸರೂ ಕೆಟ್ಟಿತು. ಆದರೆ ಮಂಜು ಬೀಳುವ ಹೊತ್ತಿಗೆ ಮಾತ್ರ ಅವನ ನೋವು ನಿಜ ಎಂದು ಊರು ಒಪ್ಪಿಕೊಳ್ಳುತ್ತದೆ.

ಕಥೆಯ ಇನ್ನೊಂದು ರೂಪ ಆಸೊದಲ್ಲಿದೆ. ಅದರಲ್ಲಿ ಕಿಹಾಚಿ ಹೆಣ್ಣು ಕದ್ದವನಲ್ಲ, ಆಳು. ಆಸೊದ ದೇವರು ತಕೇಯಿವತತ್ಸು ಬೆಟ್ಟದ ಮೇಲಿಂದ ಬಾಣ ಬಿಡುತ್ತಿದ್ದ. ಕಿಹಾಚಿ ಓಡಿ ಹೋಗಿ ಬಾಣ ಹೆಕ್ಕಿ ತರಬೇಕು. 99 ಸಲ ತಂದ. ದಣಿದು ಹೋಗಿ ನೂರನೆಯ ಬಾಣವನ್ನು ಕಾಲಿನಿಂದ ಒದ್ದು ಕಳಿಸಿದ. ದೇವರಿಗೆ ಸಿಟ್ಟು ಬಂತು. ಅಟ್ಟಿಸಿಕೊಂಡು ಹೋದ. ಕಿಹಾಚಿ ಬೆಟ್ಟ ಇಳಿದು ತಕಚಿಹೊ ಕಡೆಗೆ ಓಡಿದ, ಅಲ್ಲಿ ಸಿಕ್ಕಿಬಿದ್ದ. ತಲೆ ಕಡಿದರೆ ತಲೆ ಮತ್ತೆ ಬಂದು ಅಂಟಿಕೊಂಡಿತು. ಕೊನೆಗೆ ಬೇರೆ ಬೇರೆ ಹೂತಾಗ, ಮಂಜು ಸುರಿಸುತ್ತೇನೆ ಎಂದು ಶಾಪ ಹಾಕಿದ. ಚಳಿಗೆ ಕುತ್ತಿಗೆಯ ಗಾಯ ನೋಯುತ್ತದೆ ಅಂದ. ಗಾಯಕ್ಕೆ ಶಾಖ ಕೊಡುತ್ತೇವೆ ಎಂದು ದೇವರು ಮಾತು ಕೊಟ್ಟ. ಆ ಮಾತನ್ನು ಜನ ಇನ್ನೂ ನಡೆಸುತ್ತಿದ್ದಾರೆ. ಆಸೊದ ಶಿಮೊ ಗುಡಿಯಲ್ಲಿ ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ 59 ದಿನ ಬೆಂಕಿ ಉರಿಸುತ್ತಾರೆ. ಅದರ ಹೊಣೆ ಒಬ್ಬ ಬಾಲಕಿಯದು. ಸರಿಯಾಗಿ ಭತ್ತ ತೆನೆ ಕಟ್ಟುವ ಕಾಲ.

ನೂರನೆಯ ಬಾಣದ ಆ ಒದೆತ ನನಗೆ ತುಂಬ ಹಿಡಿಸಿತು. 99 ಸಲ ಓಡಿದವನ ದಣಿವನ್ನು ಯಾರೋ ಲೆಕ್ಕ ಇಟ್ಟಿದ್ದಾರೆ. ದೊಡ್ಡವರ ಮನೆಯಲ್ಲಿ ದುಡಿದು ಸುಸ್ತಾದ ಯಾರೋ ಕಟ್ಟಿದ ಕಥೆ ಇದು, ಸಂಶಯವೇ ಇಲ್ಲ.

ಇನ್ನೊಂದು ಸೋಜಿಗ. ಕಿಹಾಚಿ ಓಡಿದ ದಿಕ್ಕೂ ಆ ಬೆಂಕಿಬೂದಿ ನುಗ್ಗಿದ ದಿಕ್ಕೂ ಒಂದೇ, ಆಸೊದಿಂದ ತಕಚಿಹೊಗೆ. 90,000 ವರ್ಷ ಹಿಂದಿನದನ್ನು ಯಾರೋ ನೆನಪಿಟ್ಟು ಕಥೆ ಮಾಡಿದರು ಎಂದು ನಾನು ಹೇಳುವುದಿಲ್ಲ. ಆದರೆ ಜನ ತಮ್ಮ ನೆಲವನ್ನು ಚೆನ್ನಾಗಿ ಓದಿದ್ದರು ಎಂಬುದಕ್ಕೆ ಇದೇ ತಕೇಯಿವತತ್ಸುವಿನ ಇನ್ನೊಂದು ಕಥೆ ಸಾಕ್ಷಿ. ಆಸೊದ ಬಟ್ಟಲಿನಲ್ಲಿ ಮೊದಲು ದೊಡ್ಡ ಕೆರೆ ಇತ್ತಂತೆ. ಗದ್ದೆ ಮಾಡಲು ನೀರು ಹೊರಹಾಕಬೇಕೆಂದು ದೇವರು ಅಂಚಿನ ಬೆಟ್ಟವನ್ನು ಒದ್ದ. ಮೊದಲ ಜಾಗದಲ್ಲಿ ಬೆಟ್ಟದ ಹಿಂದೆ ಬೆಟ್ಟ, ಒಡೆಯಲಿಲ್ಲ. ಪಶ್ಚಿಮದ ಅಂಚಿನಲ್ಲೇ ಇನ್ನೊಂದು ಕಡೆ ಹೋಗಿ ಮತ್ತೆ ಒದ್ದ. ಒಡೆಯಿತು. ನೀರು ಜಿಂಕೆಗಳನ್ನೂ ಕೊಚ್ಚಿಕೊಂಡು ಹೊರಗೆ ಧುಮುಕಿತು. ಅದೇ ಸುಗರು ಜಲಪಾತ, 60 ಮೀಟರ್. ಈಗ ಭೂವಿಜ್ಞಾನಿಗಳು ಹೇಳುವುದನ್ನು ಕೇಳಿ. ಕಾಲ್ಡೆರಾದೊಳಗೆ ನಿಜಕ್ಕೂ ಕೆರೆ ಇತ್ತು. ಅದು ಬರಿದಾದದ್ದು ಪಶ್ಚಿಮದ ಆ ಸಂದಿಯಿಂದಲೇ. ಒಳಗಿನ ಎರಡು ಹೊಳೆಗಳು ಇವತ್ತಿಗೂ ಅಲ್ಲೇ ಸೇರಿ ಹೊರಹೋಗುತ್ತವೆ. 2016ರ ಕುಮಾಮೊಟೊ ಭೂಕಂಪದಲ್ಲಿ ದೊಡ್ಡ ಸೇತುವೆಯೊಂದು ಕಳಚಿ ಬಿದ್ದದ್ದೂ ಅದೇ ಜಾಗದ ಹತ್ತಿರ. ಸಮತಟ್ಟಾದ ಗದ್ದೆಯ ಕಪ್ಪು ಮಣ್ಣು, ಒಂದೇ ಕಡೆ ಒಡೆದ ಅಂಚು, ಎರಡನ್ನೂ ನೋಡಿ ರೈತರು ಸರಿಯಾದ ಉತ್ತರಕ್ಕೇ ಬಂದಿದ್ದರು.

ರಾತ್ರಿ ಕುಣಿತದ ವಿಷಯ ಉಳಿಯಿತು. ಇದರ ಹೆಸರು ಯೊಕಗುರಾ. ನವೆಂಬರ್ ಮಧ್ಯದಿಂದ ಫೆಬ್ರವರಿ ಆರಂಭದವರೆಗೆ, ಕಟಾವು ಮುಗಿದ ಹಳ್ಳಿಗಳಲ್ಲಿ ಸರದಿಯ ಮೇಲೆ ನಡೆಯುತ್ತದೆ. ಒಂದು ರಾತ್ರಿಗೆ 33 ಕುಣಿತ. ಸಂಜೆ ಶುರುವಾದರೆ ಮರುದಿನ ಬೆಳಕು ಹರಿದು ಹೊತ್ತೇರಿದ ಮೇಲೆ ಮುಗಿಯುವುದು. ಹಿಂದೆ ಇದು ಯಾರಾದರೊಬ್ಬರ ಮನೆಯಲ್ಲೇ ನಡೆಯುತ್ತಿತ್ತು. ಈಗ ಹಲವು ಕಡೆ ಸಮುದಾಯ ಭವನಕ್ಕೆ ಬಂದಿದೆ. ನಾವು ಹೋದದ್ದೂ ಅಂಥದೊಂದು ಭವನಕ್ಕೆ. ಬಾಗಿಲಲ್ಲಿ ಸ್ವಲ್ಪ ಕಾಣಿಕೆ ಕೊಟ್ಟು ಒಳಗೆ ಕೂರುವುದು ಪದ್ಧತಿ. ನಡುವೆ ಹಗ್ಗ ಕಟ್ಟಿ ಮಾಡಿದ ಚೌಕ. ಹಗ್ಗದಿಂದ ಬಿಳಿ ಕಾಗದ ಕತ್ತರಿಸಿ ಮಾಡಿದ ಚಿತ್ರಗಳು ಇಳಿಬಿದ್ದಿದ್ದವು. ಕುಣಿಯುವವರೆಲ್ಲ ಅದೇ ಹಳ್ಳಿಯ ರೈತರು, ಮರದ ಕೆಲಸದವರು, ಆಫೀಸಿಗೆ ಹೋಗುವವರು. ಮುಖವಾಡಗಳನ್ನು ಅವರು ವಸ್ತುವಿನ ಹಾಗೆ ಕರೆಯುವುದಿಲ್ಲ, ಹಿರಿಯರನ್ನು ಕರೆದಂತೆ ಗೌರವ ಸೇರಿಸಿ ಕರೆಯುತ್ತಾರೆ. ಒಬ್ಬರು ಮುಖವಾಡವನ್ನು ಎರಡೂ ಕೈಯಲ್ಲಿ ಹಿಡಿದು, ಹಣೆಗೆ ಮುಟ್ಟಿಸಿ, ಆಮೇಲೆ ಕಟ್ಟಿಕೊಂಡರು. ಕೋಲದಲ್ಲಿ ಕಾಲಿಗೆ ಗಗ್ಗರ ಕಟ್ಟಿಕೊಳ್ಳುವಾಗಿನ ಭಕ್ತಿ ಅದರಲ್ಲಿತ್ತು.

ಹೊರಗೆ ಬೆಂಕಿ ಹಾಕಿದ್ದರು. ಹಸಿ ಬಿದಿರಿನ ಗಳೆಯಲ್ಲಿ ಸಾಕೆ ಎಂಬ ಅಕ್ಕಿಯ ಮದ್ಯ ತುಂಬಿ ಬೆಂಕಿಯ ಪಕ್ಕ ಒರಗಿಸಿಟ್ಟು ಕಾಯಿಸುತ್ತಾರೆ. ಸಣ್ಣ ಬಿದಿರ ತುಂಡಿಗೆ ಬಗ್ಗಿಸುವಾಗ ಗುಳುಗುಳು ಸದ್ದು. ಕುಡಿಯದ ನನಗೆ ಒಬ್ಬ ಅಜ್ಜಿ ಬಿಸಿ ಬಿಸಿ ಅಣಬೆಯ ಸಾರು ಕೊಟ್ಟರು. ನಡುರಾತ್ರಿ ದಾಟಿದ ಮೇಲೆ ಮಕ್ಕಳು ಅಮ್ಮನ ತೊಡೆಯ ಮೇಲೆ ನಿದ್ದೆ ಹೋದರು. ಗಂಡಸರು ಕೂತಲ್ಲೇ ತೂಕಡಿಸಿದರು. ಚಂಡೆಯ ಪೆಟ್ಟಿಗೆ ಎಚ್ಚರಾಗಿ ಮತ್ತೆ ನೋಡುವುದು, ಮತ್ತೆ ಕಣ್ಣು ಮುಚ್ಚುವುದು. ಯಕ್ಷಗಾನದ ಬಯಲಾಟದಲ್ಲಿ ಬೆಳೆದವರಿಗೆ ಇದು ಗೊತ್ತಿರುವ ಸುಖ. ಅಲ್ಲಿಯದನ್ನು ಡೋಲು ಎಂದು ಹೇಳಬೇಕಿತ್ತು, ಬಾಯಿಗೆ ಚಂಡೆ ಅಂತಲೇ ಬಂತು. ಇರಲಿ ಬಿಡಿ.

ಇಝನಾಗಿ ಮತ್ತು ಇಝನಾಮಿ ಎಂಬ ದೇವರುಗಳು ಗಂಡ ಹೆಂಡತಿಯಾಗಿ ಸಾಕೆ ಮಾಡುವ ಕುಣಿತದಲ್ಲಿ ಸರಸ ಜಾಸ್ತಿ. ದೇವರುಗಳೇ ಕೆಳಗಿಳಿದು ಬಂದು ನೋಡುವವರನ್ನು ತಬ್ಬಿಕೊಳ್ಳುತ್ತಾರೆ, ಎಲ್ಲರಿಗೂ ನಗು. ಬೆಳಗಿನ ಜಾವದ ಹೊತ್ತಿಗೆ ಗುಹೆಯ ಕಥೆ ಬಂತು. ತಜಿಕರಾವೊ ಬಂಡೆಯನ್ನು ಎತ್ತುವ ಹೊತ್ತಿಗೆ ಹೊರಗೆ ನಿಜವಾಗಿಯೂ ಬೆಳಕಾಗುತ್ತಿತ್ತು. ಇಷ್ಟು ಕರಾರುವಾಕ್ಕಾಗಿ ಹೊಂದಿಸಿಟ್ಟವರ ಬುದ್ಧಿಗೆ ಏನು ಹೇಳೋಣ! ಪ್ರವಾಸಿಗರಿಗೆಂದು ತಕಚಿಹೊ ಗುಡಿಯಲ್ಲಿ ದಿನಾ ರಾತ್ರಿ ಎಂಟಕ್ಕೆ ಒಂದು ಗಂಟೆಯ ಕಾರ್ಯಕ್ರಮ ಇದೆ, ನಾಲ್ಕು ಕುಣಿತ ತೋರಿಸುತ್ತಾರೆ. ಚೆನ್ನಾಗಿಯೇ ಇದೆ. ಆದರೆ ನಿದ್ದೆ ಕೆಟ್ಟು ನೋಡುವ 33ಕ್ಕೂ ಒಂದು ಗಂಟೆಯ ನಾಲ್ಕಕ್ಕೂ ಹೋಲಿಕೆಯೇ ಇಲ್ಲ.

ನಮ್ಮ ಪಕ್ಕ ಕೂತಿದ್ದ ಹಿರಿಯರೊಬ್ಬರನ್ನು ತಂಗಿಯ ಮೂಲಕ ಕೇಳಿದೆ, ಈ 33ರಲ್ಲಿ ಕಿಹಾಚಿಯ ಕುಣಿತ ಯಾವುದು ಎಂದು. ಅವರು ನಗಲಿಲ್ಲ. ಅವನದು ಇಲ್ಲಿಲ್ಲ, ಅವನಿಗೆ ಬೇರೆ ದಿನ ಇದೆ, ಜನವರಿಯಲ್ಲಿ ಬನ್ನಿ ಅಂದರು. "ಮಂಜು ಈ ವರ್ಷ ಬೇಗ ಬಿತ್ತಾ?" ಎಂದು ತಂಗಿ ಕೇಳಿದಳು. ಇಲ್ಲ, ಕಟಾವು ಆದ ಮೇಲೇ ಬಿತ್ತು, ಅವನು ಚೆನ್ನಾಗಿ ಮಲಗಿದ್ದ ಅಂದರು. ಬದುಕಿರುವ ನೆಂಟನ ಸುದ್ದಿ ಹೇಳುವ ದನಿಯಲ್ಲೇ ಹೇಳಿದರು. ನನ್ನ ಮುಂದಿನ ರಜೆ ಜನವರಿಗೇ ಬರೆದಿಟ್ಟಿದ್ದೇನೆ.